ಕೆರೆ ಸೇರದ ಹಳ್ಳ

೧೯೯೯ರ ದಸರಾ ರಜೆಯಲ್ಲಿ ಹನುಮಯ್ಯನ ಕುಟುಂಬದ ಮುಂದೆ ಬಂದು ನಿಂತ, ಮುಂದಿನ ತಲೆಮಾರುಗಳೂ ನೆನಪಿಡಬೇಕಾದಷ್ಟು ಗುರುತರವಾದ ಪ್ರಶ್ನೆ ಯಾವುದೆಂದರೆ, ಹನುಮಯ್ಯ ಬೆಟ್ಟ ಹತ್ತುವಾಗ ಕ್ಯಾನ್ವಾಸ್ ಬೂಟು ಹಾಕಿಕೊಳ್ಳಬೇಕೇ ಬೇಡವೇ ಎಂಬುದು. ಬೂಟು ತಂದವನು ಮಗ ಮನು, ಬೇಲೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್. ಒಲ್ಲೆ ಎಂದವನು ತಂದೆ. ಎಂಟು ದಿನ ವಾದ ನಡೆಯಿತು. ಅಕ್ಕಪಕ್ಕದ ಮನೆಯವರೂ ಬಂದು ಬೂಟನ್ನು ಮಗುಚಿ, ಅಟ್ಟೆ ನೋಡಿ, ತಮ್ಮ ತಮ್ಮ ಅಭಿಪ್ರಾಯ ಕೊಟ್ಟು ಹೋದರು.

“ಇದ್ರೊಳಕ್ಕೆ ಕಾಲಿಟ್ರೆ ನೆಲ ಎಲ್ಲೈತೆ ಅಂತ ನಂಗೆಂಗ್ಲಾ ಗೊತ್ತಾಗದು?” ಎಂದ ಹನುಮಯ್ಯ.

“ಅಲ್ಲಿ ಜಿಗಣೆ ಇರುತ್ತೆ ಕಣಪ್ಪ. ಕಚ್ಚುತ್ತೆ.”

“ಕಚ್ಚಲಿ ಬಿಡು. ಅವಕ್ಕೂ ದಸರಾ ಬ್ಯಾಡ್ವಾ?”

ಕೊನೆಗೆ ತೀರ್ಪು ಕೊಟ್ಟವಳು ಹೆಂಡತಿ ಮರಿಯಮ್ಮ. ಹಾಕಿಕೊಳ್ಳುವುದು ಬೇಡ, ತೆಗೆದುಕೊಂಡು ಹೋಗುವುದು. ಅಲ್ಲಿ ಬೇಕೆನಿಸಿದರೆ ಹಾಕಿಕೊಳ್ಳಲಿ. ಎರಡೂ ಕಡೆಯವರು ಗೆದ್ದೆವೆಂದುಕೊಂಡರು. ತೀರ್ಪು ಜಾರಿಯಾದದ್ದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಂದು ಗೇಟಿನ ಬಳಿ, ಬೆಳಗಿನ ಏಳೂವರೆಗೆ, ಬೇಲೂರಿನಿಂದ ಬಾಡಿಗೆಗೆ ತಂದ ಜೀಪಿನ ಪಕ್ಕದಲ್ಲಿ. ಮನು ಮತ್ತು ಅವನ ಹೆಂಡತಿ ಮಂಜುಶ್ರೀ ಗೇಟಿನಲ್ಲಿ ಹೆಸರು ಬರೆಸುತ್ತಿದ್ದರು. ಮರಿಯಮ್ಮ ಸೊಸೆಯ ಹೆಗಲಚೀಲ ಬಿಚ್ಚಿದಳು. ಬುತ್ತಿಯ ಡಬ್ಬಿ ಇರಬೇಕು, ಬೂಟೂ ಹಿಡಿಯಬೇಕು. ಅಡ್ಡವಾಗಿದ್ದ ಸಣ್ಣಪುಟ್ಟ ಸಾಮಾನನ್ನೆಲ್ಲ, ಬಾಚಣಿಗೆ, ಪೌಡರ್ ಡಬ್ಬಿ, ಒಂದು ನೀಲಿ ಪ್ಲಾಸ್ಟಿಕ್ ವಸ್ತು, ಎತ್ತಿ ಜೀಪಿನ ಮುಂದಿನ ಗೂಡಿನಲ್ಲಿಟ್ಟಳು. ಬೂಟು ಅಚ್ಚುಕಟ್ಟಾಗಿ ಕೂತಿತು.

ನೀಲಿ ಪ್ಲಾಸ್ಟಿಕ್ ವಸ್ತು ಮಂಜುಶ್ರೀಯ ಉಬ್ಬಸದ ಪಂಪು. ಡಾಕ್ಟರು ಅದನ್ನು ಇನ್‌ಹೇಲರ್ ಎನ್ನುತ್ತಿದ್ದರು. ಎರಡು ವರ್ಷದಿಂದ ಅವಳಿಗೆ ಉಬ್ಬಸ ಬಂದಿರಲಿಲ್ಲ. ಮದುವೆಯಾಗಿ ಒಂದೂವರೆ ವರ್ಷ. ಹಾಗಾಗಿ ಅತ್ತೆಗೆ ಆ ವಸ್ತುವಿನ ಮಹಿಮೆ ತಿಳಿಯುವ ಸಂದರ್ಭವೇ ಒದಗಿರಲಿಲ್ಲ.

ಇಷ್ಟಕ್ಕೂ ಇಲ್ಲಿಗೆ ಬರಬೇಕೆಂದವನು ಹನುಮಯ್ಯ. ಅವನು ನೀರುಗಂಟಿ. ಅರಸೀಕೆರೆ ತಾಲ್ಲೂಕು ಕಣಕಟ್ಟೆ ಹೋಬಳಿಯ ಒಂದು ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಗೊತ್ತುಮಾಡುವುದು ಮೂರು ತಲೆಮಾರಿನಿಂದ ಆ ಮನೆಯ ಕೆಲಸ. ಊರಿನ ಉಳಿದ ಯಾವ ವಿಷಯದಲ್ಲೂ ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ದೇವಸ್ಥಾನದ ಸಭೆ ನಡೆದರೆ ಅವನು ಜಗಲಿಯಿಂದಾಚೆ ನಿಂತು ಕೇಳಿಸಿಕೊಳ್ಳುತ್ತಾನೆ. ಆದರೆ ನೀರಿನ ಮಾತು ಬಂತೆಂದರೆ ನಲವತ್ತು ಎಕರೆಯವರೂ ಕೆರೆ ಏರಿಯ ಮೇಲೆ ಅವನ ದಾರಿ ಕಾಯುತ್ತಾರೆ. ನೀರಿನ ಬಗ್ಗೆ ನೀರುಗಂಟಿ ಆಡಿದ ಮಾತಿಗೆ ಎದುರಾಡುವ ಪದ್ಧತಿ ಆ ಸೀಮೆಯಲ್ಲಿ ಇಲ್ಲ. ಹನುಮಯ್ಯನ ಪಾಲಿಗೆ ಬಂದ ಮರ್ಯಾದೆ ಅಷ್ಟೇ, ಅದನ್ನು ಅವನು ಹುಷಾರಾಗಿ ಖರ್ಚು ಮಾಡುತ್ತಿದ್ದ.

ಹಳೇಬೀಡಿನ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದ ಸೊಸೆ, ವರ್ಷವಿಡೀ ಬತ್ತದ ಹಳ್ಳಗಳಿವೆ ಎಂದು ಒಂದು ದಿನ ಹೇಳಿದ್ದಳು. ಹನುಮಯ್ಯ ಊಟ ನಿಲ್ಲಿಸಿ, “ಯಾರೂ ಕಾಯದೆ ಇದ್ರೂ ಹರೀತದಾ?” ಎಂದು ಕೇಳಿದ್ದ.

ಗೇಟಿನ ವಾಚರ್ ಗಿಡ್ಡಯ್ಯ ಆ ಬೆಟ್ಟದ ಸೀಮೆಯವನೇ. ಹೆಸರಿಗೆ ತಕ್ಕಂತೆ ಕುಳ್ಳ. ಹನುಮಯ್ಯನ ಬರಿಗಾಲನ್ನು ಮೆಚ್ಚುಗೆಯಿಂದ ನೋಡಿ, ದಾರಿ ತೋರಿಸಲು ಜನ ಬೇಕೇ ಎಂದು ಕೇಳಿದ.

“ದಾರಿ ಹಳ್ಳದ ಪಕ್ಕದಲ್ಲೇ ಐತೆ ಅಂದ್ರಲ್ಲ,” ಎಂದ ಹನುಮಯ್ಯ. “ನೀರ್ ಜೊತೆ ಹೋಗಕ್ಕೆ ನಂಗೊಬ್ಬ ಆಳು ಬೇಕಾ?”

“ಹಂಗಾದ್ರೆ ಹೋಗಿ ಬನ್ನಿ ಮಾರಾಯ್ರೆ. ಹಳ್ಳ ಹುಟ್ಟೋ ಜಾಗ ಬಂದ್ರೆ ತಿರುಗಿ ಬಿಡಿ. ಮೇಲೆ ಬೋಳು ಗುಡ್ಡ. ಮಂಜು ಬಂದ್ರೆ ನಡೀಬೇಡಿ, ಕೂತಲ್ಲೇ ಕೂತಿರಿ.”

ದಾರಿ ಚೆನ್ನಾಗಿತ್ತು. ಎಡಗಡೆ ಹಳ್ಳ, ಬಲಗಡೆ ಕಾಡು, ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಜಾಗ. ಎಲ್ಲಿಯೂ ನೀರು ದಾಟುವ ಪ್ರಸಂಗವಿಲ್ಲ. ಮರದ ಬೇರುಗಳು ಮೆಟ್ಟಿಲಿನಂತೆ ಸಿಗುತ್ತಿದ್ದವು. ಹನುಮಯ್ಯ ಹತ್ತು ಹೆಜ್ಜೆಗೊಮ್ಮೆ ನಿಂತು ನೀರು ನೋಡಿದ. ಅವನ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಆಕ್ಷೇಪಣೆ ಇತ್ತು.

“ಇದ್ನ ಯಾರೂ ಕೇಳೋರೇ ಇಲ್ವಾ?”

“ಯಾರನ್ನ ಕೇಳ್ಬೇಕು ಮಾವ?” ಎಂದಳು ಮಂಜುಶ್ರೀ.

“ಹಿಂಗ್ ಹಗಲೂ ರಾತ್ರಿ ಬಿಟ್ಟವ್ರೆ. ನಮ್ ಕೆರೆಗೆ ತಿರುಗಿಸಿದ್ರೆ ಒಂಬತ್ತು ದಿನಕ್ಕೆ ಕೋಡಿ ಬೀಳ್ತದೆ.”

“ಹೊತ್ಕೊಂಡ್ ಹೋಗು,” ಎಂದಳು ಮರಿಯಮ್ಮ ಹಿಂದಿನಿಂದ. “ಬೂಟು ಖಾಲಿ ಅವೆ, ತುಂಬ್ಕೊ.”

ಮನು ನಕ್ಕ. ಮಂಜುಶ್ರೀ ಹೆಚ್ಚು ನಕ್ಕಳು, ನಕ್ಕು ಸ್ವಲ್ಪ ಕೆಮ್ಮಿದಳು. ಆಗ ಒಂಬತ್ತೂವರೆ.

ಹನ್ನೊಂದರ ಹೊತ್ತಿಗೆ ಹಳ್ಳ ಕೈಯಗಲದ ನೀರಾಗಿ, ಹುಲ್ಲಿನ ಬುಡದಲ್ಲಿ ಮುಗಿಯಿತು. ಹನುಮಯ್ಯ ಅಲ್ಲಿ ಕೂತು ಬೊಗಸೆಯಿಂದ ಕುಡಿದ. ತಿರುಗಿಬಿಡಬಹುದಿತ್ತು. ಆದರೆ ನೂರು ಮಾರು ಮೇಲೆ ಗುಡ್ಡದ ನೆತ್ತಿ ಕಾಣುತ್ತಿತ್ತು, ಇಷ್ಟು ದೂರ ಬಂದು ನೆತ್ತಿ ಮುಟ್ಟದೆ ಹೋದರೆ ಊರಿನಲ್ಲಿ ಏನು ಹೇಳುವುದು ಎಂದು ಮನು ಕೇಳಿದ. ಮುಟ್ಟಿದರು. ಅಲ್ಲಿ ಬರೀ ಹುಲ್ಲು, ಗಾಳಿ. ಬುತ್ತಿ ಬಿಚ್ಚಿ ಉಂಡರು. ಕೈ ತೊಳೆಯುವಷ್ಟರಲ್ಲಿ ಮಂಜು ಬಂತು. ಅದು ದೂರದಿಂದ ನಡೆದು ಬರಲಿಲ್ಲ, ಒಂದು ಕ್ಷಣ ಇರಲಿಲ್ಲ, ಮರುಕ್ಷಣ ಇತ್ತು. ಮರಿಯಮ್ಮನ ಕೈಯಲ್ಲಿದ್ದ ಡಬ್ಬಿ ಅವಳಿಗೇ ಕಾಣದಾಯಿತು.

ಗಿಡ್ಡಯ್ಯನ ಮಾತಿನಂತೆ ಕೂತರು. ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ತಣ್ಣನೆಯ ತೇವ ಬಟ್ಟೆಯೊಳಗೆ ಇಳಿಯಿತು. ಆಮೇಲೆ ಒಂದು ಸದ್ದು ಕೇಳಿಸತೊಡಗಿತು. ಯಾರೋ ದೂರದಲ್ಲಿ ಸಣ್ಣ ಪೀಪಿ ಊದಿದ ಹಾಗೆ. ಎಲ್ಲರೂ ಸುತ್ತ ನೋಡಿದರು. ಅದು ಮಂಜುಶ್ರೀಯ ಎದೆಯಿಂದ ಬರುತ್ತಿತ್ತು.

ಅವಳು ಗಾಬರಿಯಾಗದೆ ಚೀಲದೊಳಗೆ ಕೈಹಾಕಿದಳು. ಒಂದು ಬೂಟು ಬಂತು. ಮತ್ತೆ ಕೈಹಾಕಿದಳು. ಇನ್ನೊಂದು ಬಂತು. ಚೀಲವನ್ನು ಬೋರಲು ಹಾಕಿ ಕೊಡವಿದಳು.

“ನನ್ನ ಪಂಪು?”

ಮರಿಯಮ್ಮ ಸೊಸೆಯ ಮುಖ ನೋಡಿದಳು. “ನೀಲಿದಾ?” ಎಂದು ಕೇಳಿದಳು. ಇನ್ನೇನೂ ಹೇಳಬೇಕಾಗಲಿಲ್ಲ.

ಇನ್ನು ಕೂತಿರುವಂತಿರಲಿಲ್ಲ. ಪಂಪು ಕೆಳಗಿತ್ತು, ಉಸಿರು ಮೇಲಿತ್ತು. ಇಳಿಯುವುದು ಮೂರು ಗಂಟೆಯ ದಾರಿ, ಅದೂ ದಾರಿ ಸಿಕ್ಕರೆ. ಹೇಗೆ ಬಂದೆವೆಂದು ಮನು ನಾಲ್ಕು ದಿಕ್ಕಿಗೂ ಕೈತೋರಿಸಿದ. ಹನುಮಯ್ಯ ಎಲ್ಲರನ್ನೂ ಸುಮ್ಮನಿರಿಸಿ, ಕಿವಿಗೆ ಅಂಗೈ ಕೊಟ್ಟು ನಿಂತ. ಸೊಸೆಯ ಎದೆಯ ಪೀಪಿಯ ಆಚೆಗೆ ಇನ್ನೊಂದು ಸಣ್ಣ ಸದ್ದನ್ನು ಅವನು ಹುಡುಕುತ್ತಿದ್ದ. ಸಿಕ್ಕಿತು.

“ನೀರು. ಬಲಕ್ಕೆ ಐತೆ. ಬನ್ನಿ.”

ನೀರು ನಿಜವಾಗಿಯೂ ಇತ್ತು. ಇಪ್ಪತ್ತು ಮಾರು ಇಳಿಯುವಷ್ಟರಲ್ಲಿ ಹುಲ್ಲಿನ ಬುಡದಿಂದ ಕೈಯಗಲವಾಗಿ ಹೊರಟಿತ್ತು, ಬೆಳಿಗ್ಗೆ ನೋಡಿದ ಹಾಗೆಯೇ. ಮನು ತಂದೆಯನ್ನು ಹೆಮ್ಮೆಯಿಂದ ನೋಡಿದ. ನಾಲ್ವರೂ ನೀರಿನ ಜೊತೆ ಇಳಿಯತೊಡಗಿದರು. ಮನು ಹೆಂಡತಿಯ ತೋಳು ಹಿಡಿದಿದ್ದ.

ಕಾಲು ಗಂಟೆ ಇಳಿದ ಮೇಲೆ ಮಂಜುಶ್ರೀ ನಿಂತಳು. ಆ ಹೊತ್ತಿಗೆ ಅವಳು ಒಂದು ಉಸಿರಿಗೆ ಮೂರೇ ಮಾತು ಆಡಬಲ್ಲವಳಾಗಿದ್ದಳು.

“ಬೆಳಿಗ್ಗೆ ನೀರು ಎಡಗೈಗಿತ್ತು,” ಎಂದಳು. ಉಸಿರೆಳೆದುಕೊಂಡಳು. “ಈಗಲೂ ಎಡಗೈಗೇ ಇದೆ.”

ಯಾರಿಗೂ ಅರ್ಥವಾಗಲಿಲ್ಲ.

“ತಿರುಗಿ ಬರ್ತಾ ಇದ್ರೆ... ಬಲಗೈಗೆ ಇರ್ಬೇಕಲ್ವಾ ಮಾವ? ಇದು ಬೇರೆ ನೀರು. ಆಚೆ ಕಡೇದು.”

ಮನು ತಂದೆಯ ಕಡೆ ನೋಡಿದ. ಹನುಮಯ್ಯನಿಗೆ ಸಿಟ್ಟು ಬರಲಿಲ್ಲ. ಹೊಸದಾಗಿ ಗದ್ದೆಗಿಳಿದವರಿಗೆ ಹೇಳುವಷ್ಟು ಸಮಾಧಾನದಿಂದ ಹೇಳಿದ.

“ಯಾವ್ ಕೈಗಿದ್ರೇನವ್ವ? ಇಳೀತಾ ಐತಲ್ಲ. ಇಳಿಯೋ ನೀರು ಕೆರೆಗೇ ಹೋಗದು. ಕೆರೆ ಕೆಳಗೆ ಊರಿರ್ತದೆ. ಊರಲ್ಲಿ ಡಾಕ್ಟ್ರೋ ಬಸ್ಸೋ ಏನೋ ಒಂದಿರ್ತದೆ. ನಿಂಗೀಗ ಹತ್ತಕ್ಕಾಗಲ್ಲ. ಇಳಿಯದೇ ಸರಿ.”

ಇದರಲ್ಲಿ ತಪ್ಪು ಹುಡುಕುವುದು ಅರಸೀಕೆರೆ ಸೀಮೆಯಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಅಲ್ಲಿ ಯಾವ ಹಳ್ಳ ಹಿಡಿದು ಹೊರಟರೂ ಎರಡು ಗಂಟೆಯೊಳಗೆ ಒಂದು ಕೆರೆ, ಕೆರೆಗೊಂದು ಏರಿ, ಏರಿಯ ಕೆಳಗೆ ತೆಂಗಿನ ತೋಟ, ತೋಟದಾಚೆ ಊರು. ತಾಲ್ಲೂಕಿಗೆ ಬಿದ್ದ ಮಳೆ ಅರ್ಧ ಕೃಷ್ಣೆಯ ಕಡೆಗೆ, ಅರ್ಧ ಕಾವೇರಿಯ ಕಡೆಗೆ ಎಂದು ಮಂಜುಶ್ರೀ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ನೀರು ಕೆರೆ ದಾಟಿ ಹೋದದ್ದನ್ನು ಹನುಮಯ್ಯ ಜೀವಮಾನದಲ್ಲಿ ನಾಲ್ಕು ಸಲ ಕಂಡಿದ್ದ.

ಮಂಜುಶ್ರೀಗೆ ಹೇಳಬೇಕಾದ್ದು ಇನ್ನೂ ಇತ್ತು. ಬೆಟ್ಟದ ನೆತ್ತಿಯಲ್ಲಿ ನೀರು ಎರಡಾಗಿ ಒಡೆಯುತ್ತದೆ, ಈ ಕಡೆಯದು ಪಶ್ಚಿಮಕ್ಕೆ ಹೋಗುತ್ತದೆ, ಪಶ್ಚಿಮದಲ್ಲಿ ಘಟ್ಟ ಕಡಿದಾಗಿ ಮುಗಿಯುತ್ತದೆ ಎಂದು. ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಲು ನಲವತ್ತು ನಿಮಿಷ ಬೇಕು. ಅವಳ ಹತ್ತಿರ ಉಸಿರಿಗೆ ಮೂರು ಮಾತಿತ್ತು. ಅದೂ ಅಲ್ಲದೆ, ನೀರಿನ ಮಾತಿನಲ್ಲಿ ಈ ಮುದುಕನನ್ನು ಎಲ್ಲರೆದುರು ತಪ್ಪೆಂದರೆ ಅವನಿಗೆ ಇನ್ನೇನು ಉಳಿಯುತ್ತದೆಂದು ಅವಳಿಗೆ ಗೊತ್ತಿತ್ತು. ತಲೆಯಾಡಿಸಿ ನಡೆದಳು.

ಒಂದು ಗಂಟೆ ಇಳಿದರು. ದಾರಿಯೆಂಬುದು ಇರಲಿಲ್ಲ. ಬಂಡೆಯಿಂದ ಬಂಡೆಗೆ ಕೂತು ಜಾರುವುದು, ನೀರಿಗಿಳಿಯುವುದು, ಏಳುವುದು. ಪೀಪಿ ಎರಡಾಯಿತು, ಒಂದು ಉಸಿರು ಒಳಗೆ ಹೋಗುವಾಗ, ಒಂದು ಹೊರಗೆ ಬರುವಾಗ. ಮಂಜುಶ್ರೀ ಹತ್ತು ಹೆಜ್ಜೆಗೊಮ್ಮೆ ಮಂಡಿಯ ಮೇಲೆ ಕೈಯೂರಿ ನಿಲ್ಲುತ್ತಿದ್ದಳು. ಹನುಮಯ್ಯ ಮುಂದೆ ಹೋಗುತ್ತ ಸಮಾಧಾನ ಹೇಳುತ್ತಿದ್ದ.

“ಇನ್ನೇನ್ ಬಂತು. ನೀರು ದಪ್ಪ ಆಯ್ತಾ ಐತೆ. ಕೆರೆ ಹತ್ರ ಆದಂಗೆಲ್ಲ ಹಂಗೇಯ.”

“ಯೋವ್, ಸಗಣಿ ಎಲ್ಲೂ ಕಾಣ್ಲಿಲ್ವಲ್ಲ,” ಎಂದಳು ಮರಿಯಮ್ಮ.

“ಏನು?”

“ಊರ್ ಹತ್ರ ಇದ್ರೆ ದನ ಬರ್ಬೇಕಲ್ಲ ನೀರಿಗೆ. ಒಂದ್ ಬಟ್ಟೆ ಒಗಿಯೋ ಕಲ್ಲಿಲ್ಲ. ಒಂದು ಸಗಣಿ ಇಲ್ಲ.”

ಹನುಮಯ್ಯನೂ ಅರ್ಧ ಗಂಟೆಯಿಂದ ಸಗಣಿಯನ್ನೇ ಹುಡುಕುತ್ತಿದ್ದ.

ಮರಗಳು ಮುಗಿದವು. ಹಳ್ಳ ಅಗಲವಾಗಿ, ಚಪ್ಪಟೆ ಬಂಡೆಯ ಮೇಲೆ ತೆಳ್ಳಗೆ ಹರಡಿ, ಸದ್ದಿಲ್ಲದೆ ಮುಂದೆ ಹೋಯಿತು. ಮಂಜು ಅಲ್ಲಿ ತುಸು ಹರಿದಿತ್ತು. ಹನುಮಯ್ಯ ಬಂಡೆಯ ಅಂಚಿಗೆ ಹೋಗಿ ನಿಂತ. ಬೂಟಿಲ್ಲದ ಕಾಲಿನ ಹೆಬ್ಬೆರಳುಗಳು ಅಂಚನ್ನು ಹಿಡಿದುಕೊಂಡವು. ಆಚೆ ನೆಲವಿರಲಿಲ್ಲ. ನೀರು ಅಂಚಿನಿಂದ ಬಿದ್ದು, ಬೀಳುತ್ತ ಬೀಳುತ್ತ ಬಿಳಿಯ ಹೊಗೆಯಾಗಿ, ತಳ ಮುಟ್ಟಿದ ಸದ್ದೂ ಮೇಲೆ ಬರುತ್ತಿರಲಿಲ್ಲ. ಬಹಳ ಕೆಳಗೆ ಕಪ್ಪಗೆ ಕಾಡು, ಅದರಾಚೆ ಮತ್ತೆ ಕಾಡು.

ಅವನು ಬಹಳ ಹೊತ್ತು ನೋಡಿದ. ಎಲ್ಲಾದರೂ ಒಂದು ಏರಿ ಕಾಣುತ್ತದೋ ಎಂದು ನೋಡಿದ.

“ಸಮುದ್ರಕ್ಕೆ,” ಎಂದಳು ಹಿಂದೆ ಕೂತಿದ್ದ ಮಂಜುಶ್ರೀ. ಈಗ ಉಸಿರಿಗೆ ಒಂದೇ ಮಾತು.

ಹನುಮಯ್ಯ ಬಂಡೆಯ ಮೇಲೆ ಕುಸಿದ. “ನಂಗೊತ್ತಿಲ್ಲ,” ಎಂದ. “ನಂಗೇನೂ ಗೊತ್ತಿಲ್ಲ ಕಣವ್ವ.” ಮನು ಇದ್ದಕ್ಕಿದ್ದಂತೆ ತಂದೆಯ ಮೇಲೆ ಹರಿಹಾಯ್ದ. ಅವಳು ಹೇಳಿದಳಲ್ಲ, ಹೇಳಿದಳಲ್ಲ ಎಂದು ಎರಡು ಸಲ ಅಂದ. ಹಾಗೆ ಅನ್ನುವಾಗ, ಅವಳು ಹೇಳಿದಾಗ ತಾನೂ ಪಕ್ಕದಲ್ಲೇ ಇದ್ದದ್ದು ನೆನಪಾಗಿ ನಿಲ್ಲಿಸಿದ.

“ಬಾಯ್ ಮುಚ್ಕೊಳಿ ಇಬ್ರೂ,” ಎಂದಳು ಮರಿಯಮ್ಮ. “ಪಂಪು ಅಲ್ಲಿಟ್ಟೋಳು ನಾನು. ಬೈಯೋದಿದ್ರೆ ನಾಳೆ ನನ್ ಬೈರಿ. ಈಗ ಏನ್ ಮಾಡ್ಬೇಕು ಹೇಳವ್ವ ನೀನು.”

ಮಂಜುಶ್ರೀ ಗಂಡನ ಅಂಗೈ ಎಳೆದುಕೊಂಡಳು. ನಡುವೆ ಉಗುರಿನಿಂದ ಒಂದು ಗೆರೆ ಎಳೆದಳು: ನೆತ್ತಿ. ಆಚೆಗೊಂದು ಗೆರೆ, ಈಚೆಗೊಂದು ಗೆರೆ: ಎರಡು ಹಳ್ಳ. ಈಚೆಯ ಗೆರೆಯನ್ನು ಕೊನೆಯವರೆಗೆ ಹತ್ತಿಸಿದಳು, ನೆತ್ತಿಯನ್ನು ನೆಟ್ಟಗೆ ದಾಟಿಸಿದಳು, ಆಚೆಯ ಗೆರೆಯಲ್ಲಿ ಇಳಿಸಿದಳು. ಅವನ ಬಲಗೈಯನ್ನು ಎರಡು ಸಲ ತಟ್ಟಿದಳು. ನೀರು ಬಲಗೈಗಿರಬೇಕು. ಅರ್ಥವಾಯಿತೇ ಎಂದು ಹುಬ್ಬೆತ್ತಿದಳು. ಮನು ಪಾಠ ಒಪ್ಪಿಸಿದ. ತಪ್ಪಿರಲಿಲ್ಲ. ಓಡಿದ. ಆಗ ಒಂದೂಮುಕ್ಕಾಲು.

ಉಳಿದವರು ಅಲ್ಲಿಯೇ ಕಾಯಬಹುದಿತ್ತು. ಆದರೆ ಪಂಪು ನೆತ್ತಿಯವರೆಗೆ ಬಂದು, ಮತ್ತೆ ಇಷ್ಟು ದೂರ ಇಳಿಯಲು ಇನ್ನೊಂದು ಗಂಟೆ. ಆ ಗಂಟೆ ಮಂಜುಶ್ರೀಯ ಬಳಿ ಇಲ್ಲವೆಂದು ಮರಿಯಮ್ಮನಿಗೆ ಅವಳ ತುಟಿ ನೋಡಿಯೇ ತಿಳಿಯಿತು. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

“ಹೊತ್ಕೊ,” ಎಂದಳು ಗಂಡನಿಗೆ.

ಹನುಮಯ್ಯ ಹೆಂಡತಿಯ ಮುಖ ನೋಡಿದ. ಒಂದೂವರೆ ವರ್ಷದಲ್ಲಿ ಸೊಸೆ ಅವನೆದುರು ಚಾಪೆಯ ಮೇಲೆ ಕೂತವಳಲ್ಲ. ತಟ್ಟೆ ಕೊಡುವಾಗಲೂ ಕೆಳಗಿಟ್ಟು ಸರಿಯುತ್ತಿದ್ದಳು.

“ನಾನಾ?”

“ಇನ್ಯಾರು, ಇಲ್ಲಿ ನಾಕಾರ್ ಜನ ಅವ್ರಾ? ಬೆನ್ ಕೊಡು.”

ಬೆನ್ನು ಕೊಟ್ಟ. ಮಂಜುಶ್ರೀ ಒಂದು ಕ್ಷಣ ತಡೆದು, ಮಾವನ ಕುತ್ತಿಗೆಗೆ ಕೈ ಹಾಕಿದಳು. ಮರಿಯಮ್ಮ ತನ್ನ ಸೆರಗು ಹರಿದು ಇಬ್ಬರನ್ನೂ ಸೇರಿಸಿ ಸೊಂಟದಲ್ಲಿ ಕಟ್ಟಿದಳು. ಬೂಟುಗಳನ್ನು ಎತ್ತಿ ಅಂಚಿನಾಚೆಗೆ ಎಸೆದಳು. ಅವೂ ಸದ್ದು ಮಾಡಲಿಲ್ಲ.

ಆ ಏರನ್ನು ವರ್ಣಿಸುವುದು ಕಷ್ಟ, ಯಾಕೆಂದರೆ ಅದರಲ್ಲಿ ಏನೂ ನಡೆಯಲಿಲ್ಲ. ಒಂದು ಬಂಡೆ, ಇನ್ನೊಂದು ಬಂಡೆ. ಹನುಮಯ್ಯ ಕೈಕಾಲು ನಾಲ್ಕನ್ನೂ ಊರಿ ಹತ್ತಿದ. ಮರಿಯಮ್ಮ ಹಿಂದಿನಿಂದ ಸೊಸೆಯ ಬೆನ್ನಿಗೆ ತಲೆ ಕೊಟ್ಟು ನೂಕಿದಳು. ಜಾರಿದರು, ಮೂವರೂ ನೀರಿಗೆ ಬಿದ್ದರು, ಎದ್ದರು. ಹನುಮಯ್ಯನ ಕಿವಿಯ ಪಕ್ಕದಲ್ಲೇ ಆ ಪೀಪಿ. ಅವನು ತನ್ನ ಉಸಿರನ್ನು ಅದಕ್ಕೆ ಹೊಂದಿಸಿಕೊಂಡು ನಡೆದ. ಅದು ಎಳೆದಾಗ ಒಂದು ಹೆಜ್ಜೆ, ಬಿಟ್ಟಾಗ ಒಂದು ಹೆಜ್ಜೆ. ಜಿಗಣೆಗಳು ಅವನ ಕಾಲು ತುಂಬ ಇದ್ದವು. ತೆಗೆಯಲು ಬಿಡುವಿರಲಿಲ್ಲ.

“ಮಾತಾಡ್ಸು ಅವಳ್ನ,” ಎಂದಳು ಮರಿಯಮ್ಮ. “ನಿದ್ದೆ ಹೋಗಕ್ಕೆ ಬಿಡ್ಬ್ಯಾಡ.”

“ಏನ್ ಮಾತಾಡ್ಲಿ?”

“ಏನಾರ ಆಡು. ನಿನ್ ಕೆರೆ ವಿಷ್ಯನೇ ಆಡು.”

ಹನುಮಯ್ಯ ಇನ್ನೊಂದು ಬಂಡೆ ಹತ್ತಿದ. ಆಮೇಲೆ, “ಟೀಚರಮ್ಮ,” ಎಂದ. “ನಂಗೂ ಆ ಪಾಠ ಹೇಳ್ಕೊಡು. ನೀರು ಎರಡಾಗದು. ನಿಧಾನುಕ್ ಹೇಳ್ಕೊಡು. ಇವತ್ತಲ್ಲ. ಆಮೇಲೆ.” ಕುತ್ತಿಗೆಯ ಮೇಲಿದ್ದ ಬೆರಳುಗಳು ತುಸು ಒತ್ತಿದವು.

ಮೂರೂವರೆಯ ಹೊತ್ತಿಗೆ, ಹಳ್ಳ ಸಣ್ಣದಾಗುತ್ತಿದ್ದ ಜಾಗದಲ್ಲಿ, ಪೀಪಿ ನಿಂತಿತು.

“ಕಮ್ಮಿ ಆಯ್ತು ಕಣೇ,” ಎಂದ ಹನುಮಯ್ಯ. ಅವನ ದನಿಯಲ್ಲಿ ಆ ದಿನ ಮೊದಲ ಬಾರಿಗೆ ಆಸೆ ಇತ್ತು. “ಸದ್ದೇ ಇಲ್ಲ ಈಗ.”

ಮರಿಯಮ್ಮ ಸೊಸೆಯ ಬೆನ್ನಿನ ಮೇಲೆ ಕಿವಿಯಿಟ್ಟಳು. ಬೆನ್ನು ಏಳುತ್ತಿತ್ತು, ಬೀಳುತ್ತಿತ್ತು, ಬೇಗ ಬೇಗ. ಒಳಗೆ ಗಾಳಿ ಹೋಗುವ ಸದ್ದಿರಲಿಲ್ಲ. ಪೀಪಿ ಊದಲೂ ಗಾಳಿ ಬೇಕು.

“ಕಮ್ಮಿ ಆಗಿಲ್ಲ,” ಎಂದಳು. “ನಡಿ. ಓಡು.”

ಐವತ್ತೆಂಟು ವರ್ಷದ ಮನುಷ್ಯ ಬೆನ್ನ ಮೇಲೆ ಹೆಣ್ಣುಮಗಳನ್ನು ಹೊತ್ತು ಗುಡ್ಡದ ಮೇಲಕ್ಕೆ ಓಡುವುದು ನೋಡಲು ಓಡಿದಂತೆ ಕಾಣುವುದಿಲ್ಲ. ಆದರೂ ಅವನು ಓಡಿದ. ನೆತ್ತಿ ಮುಟ್ಟಿದಾಗ ನಾಲ್ಕೂಕಾಲು. ಮಂಜು ಹಾಗೆಯೇ ಇತ್ತು. ಸೊಸೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಅವನು ಮಂಡಿಯೂರಿ ಕೂತ, ಮಲಗಿಸಿದರೆ ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಮರಿಯಮ್ಮ ಬುತ್ತಿಯ ಡಬ್ಬಿಗೆ ಕಲ್ಲಿನಿಂದ ಬಡಿಯತೊಡಗಿದಳು. ಮನು ದಾರಿ ತಪ್ಪಿದ್ದರೆ ಆ ಸದ್ದಿನಿಂದ ಏನೂ ಆಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಡಿದಳು. ಡಬ್ಬಿಯ ತಳ ಒಳಗೆ ಹೋಯಿತು, ಮುಚ್ಚಳ ತೆಗೆದುಕೊಂಡು ಅದನ್ನು ಬಡಿದಳು. ಮಂಜುಶ್ರೀಯ ತಲೆ ಮಾವನ ಹೆಗಲ ಮೇಲೆ ವಾಲಿತು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಆಮೇಲೆ ಎರಡು ಸಲ ಕರೆದರೆ ಮಾತ್ರ, ಆಮೇಲೆ ತೆರೆಯಲಿಲ್ಲ.

ಮೊದಲು ಬಂದವನು ಮನು ಅಲ್ಲ, ಗಿಡ್ಡಯ್ಯ. ಮಂಜಿನೊಳಗಿನಿಂದ, “ಬಡೀತಾ ಇರಿ, ನಿಲ್ಲಿಸ್ಬೇಡಿ,” ಎಂಬ ದನಿ ಬಂತು, ಅದರ ಹಿಂದೆ ಕುಳ್ಳ ಮನುಷ್ಯ. ಅಂಗಿಯ ಜೇಬಿನಿಂದ ನೀಲಿ ವಸ್ತು ತೆಗೆದ. ಅದನ್ನು ಬಳಸುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ಹನುಮಯ್ಯನಿಗೂ ಗೊತ್ತಿರಲಿಲ್ಲ. ಮರಿಯಮ್ಮ ಕಿತ್ತುಕೊಂಡು, ಮುಚ್ಚಳ ಹಲ್ಲಿನಿಂದ ಎಳೆದು, ಸೊಸೆಯ ತುಟಿ ಬಿಡಿಸಿ ಒಳಗಿಟ್ಟು ಒತ್ತಿದಳು. ಮದ್ದು ಹೊಗೆಯಾಗಿ ಬಾಯಿಂದ ಆಚೆಗೇ ಬಂತು.

“ಎಳ್ಕೊ,” ಎಂದಳು. “ಎಳ್ಕೊಳ್ಳೇ ನನ್ನವ್ವ. ಒಂದೇ ಒಂದು ಸಲ ಎಳ್ಕೊ.”

ಮತ್ತೆ ಒತ್ತಿದಳು. ಮತ್ತೆ ಹೊಗೆ. ಏಳನೆಯದೋ ಎಂಟನೆಯದೋ ಸಲ ಹೊಗೆ ಆಚೆಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ, ಬಹಳ ಸಣ್ಣಗೆ, ಪೀಪಿ ಮತ್ತೆ ಊದಿತು. ಹನುಮಯ್ಯ ಅದನ್ನು ಕೇಳಿಸಿಕೊಂಡು, ಕಟ್ಟಿದ ಸೆರಗನ್ನು ಇನ್ನೂ ಬಿಗಿ ಮಾಡಿಕೊಂಡು, ಎದ್ದುನಿಂತ.

ಗಿಡ್ಡಯ್ಯ ಮುಂದೆ ನಡೆದ. ಅರ್ಧ ದಾರಿಯಲ್ಲಿ ಮನು ಸಿಕ್ಕಿದ, ಗೇಟಿನಿಂದ ಹತ್ತುವಾಗ ಕಾಲು ಉಳುಕಿ, ಪಂಪನ್ನು ಗಿಡ್ಡಯ್ಯನ ಕೈಗೆ ಕೊಟ್ಟು ಮುಂದೆ ಕಳಿಸಿ, ಒಂದು ಕೋಲೂರಿಕೊಂಡು ಬರುತ್ತಿದ್ದ. ಹೆಂಡತಿಯನ್ನು ತಾನು ಹೊರುತ್ತೇನೆಂದ. ಹನುಮಯ್ಯ ಕೊಡಲಿಲ್ಲ.

ಜೀಪು ಆ ರಾತ್ರಿ ಕಳಸದಲ್ಲೊಮ್ಮೆ ನಿಂತು, ಅಲ್ಲಿಯ ಡಾಕ್ಟರು ಕೊಟ್ಟ ಇಂಜೆಕ್ಷನ್ನಿನ ಬಲದ ಮೇಲೆ ಹಾಸನಕ್ಕೆ ಹೋಯಿತು. ಹನ್ನೊಂದು ದಿನದ ನಂತರ ಮಂಜುಶ್ರೀ ಆಸ್ಪತ್ರೆಯಿಂದ ನಡೆದುಕೊಂಡು ಹೊರಗೆ ಬಂದಳು.